ಒರೆಸಿದ ಗುರುತು

ಕೂರಿಸಿದ ಮೇಲೆ ಮಹಾಂತಯ್ಯನ ತಲೆ ಎರಡು ಸಲ ಎಡಕ್ಕೆ ವಾಲಿತು. ಮೂರನೆಯ ಸಲ ಕುಮಾರಸ್ವಾಮಿ ಬಿಳಿ ಪಂಚೆಯ ಅಂಚನ್ನು ಉದ್ದಕ್ಕೆ ಹರಿದು, ಹಣೆಯ ಸುತ್ತ ಬಿಗಿದು, ಹಿಂದಿನ ಗೋಡೆಯ ಮೊಳೆಗೆ ಕಟ್ಟಿದ. ತಲೆ ನೆಟ್ಟಗೆ ನಿಂತಿತು. ಮಠದಿಂದ ಬಂದ ಹಿರಿಯರು ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಬಳಿದರು. ಕೊರಳಲ್ಲಿದ್ದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಸೆಟೆಯತೊಡಗಿದ್ದ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

ಎದುರಿನ ಚಾಪೆಯ ಮೇಲೆ ಕೂತಿದ್ದ ಹೆಂಡತಿ ಕಾಳವ್ವ ಆ ಕೈಯನ್ನು ನೋಡಲಾರದೆ ಮುಖ ತಿರುಗಿಸಿದಳು.

ನಸುಕಿನಲ್ಲಿ ನಳದ ನೀರು ತುಂಬಲು ಎದ್ದ ಮಹಾಂತಯ್ಯ ಎದೆ ಹಿಡಿದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ರಿಕ್ಷಾ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂಬತ್ತು ಗಂಟೆಗೆ ನವನಗರದ ಆ ಎರಡು ಕೋಣೆಯ ಮನೆಯ ಮುಂದೆ ಶಾಮಿಯಾನ ಎದ್ದಿತು. ಹೂವು, ಬಿಲ್ವಪತ್ರೆ, ಭಜನೆಯವರು, ಕುಣಿ ತೋಡುವವರು, ಊರೂರಿಗೆ ಫೋನು, ಎಲ್ಲವನ್ನೂ ನೋಡಿಕೊಂಡವನು ಕಾಳವ್ವನ ತಮ್ಮ ಕುಮಾರಸ್ವಾಮಿಯೇ. ಇಂಥ ತಮ್ಮ ಬೆನ್ನಿಗಿರುವಾಗ ಮಗನಿಲ್ಲ ಅನ್ನುವ ಕೊರತೆ ಎಲ್ಲಿಯದು ಎಂದು ಪಕ್ಕದ ಮನೆಯ ಫಕೀರವ್ವ ನಾಲ್ಕು ಮಂದಿಯ ಮುಂದೆ ಹೇಳಿದಳು. ಶಾಮಿಯಾನದ ಕೆಳಗೆ ಕೂತ ಗಂಡಸರು ಬೇರೆ ಮಾತಾಡುತ್ತಿದ್ದರು. ಒಳ್ಳೆಯ ಮನುಷ್ಯನೇ, ಆದರೆ ಆ ಒಂದು ದಿನ ಕಣ್ಣು ಮುಚ್ಚಿ ಸಹಿ ಮಾಡಿಬಿಟ್ಟ ಎಂದು ಒಬ್ಬ ಅಂದ. ಇನ್ನೊಬ್ಬ ಕೇಸು ಎಲ್ಲಿಗೆ ಬಂದಿತ್ತು ಎಂದು ಕೇಳಿದ. ಏಳು ವರ್ಷವಾಯಿತು, ಇನ್ನೂ ಸಾಕ್ಷಿಗಳ ವಿಚಾರಣೆಯೇ ಮುಗಿದಿಲ್ಲ ಎಂದು ಮೊದಲಿನವ ಹೇಳಿದ. ಕಾಳವ್ವ ಬಾಗಿಲ ಬಳಿಯೇ ಇದ್ದಳು. ಅವಳಿಗೆ ಎಲ್ಲವೂ ಕೇಳಿಸಿತು.

ಮಗಳು ಭಾಗ್ಯಶ್ರೀ ಹಿತ್ತಲಿಗೆ ಹೋದಾಗ ಸೋದರಮಾವ ಅಲ್ಲಿ ವಕೀಲರ ಜೊತೆ ಫೋನಿನಲ್ಲಿದ್ದ. ಆರೋಪಿ ತೀರಿಕೊಂಡರೆ ಕೇಸು ಅಲ್ಲಿಗೇ ಮುಗಿಯುತ್ತದಲ್ಲವೇ, ಮರಣದ ದಾಖಲೆ ಎಷ್ಟು ದಿನದೊಳಗೆ ಕೊಡಬೇಕು ಎಂದು ಕೇಳುತ್ತಿದ್ದ. ಅಪ್ಪನ ಹೆಗಲ ಮೇಲಿದ್ದ ಈ ಭಾರವನ್ನೂ ಮಾಮಾನೇ ಇಳಿಸುತ್ತಿದ್ದಾನೆ ಎಂದುಕೊಂಡು ಅವಳು ನಳದ ಹತ್ತಿರ ನಿಂತು ಅತ್ತಳು.

*

ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶದ ಗ್ಯಾಸಿನ ಕಾರ್ಖಾನೆಯೊಂದರಲ್ಲಿ ಮಹಾಂತಯ್ಯ ಇಪ್ಪತ್ತೇಳು ವರ್ಷ ದುಡಿದಿದ್ದ. ಅಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟು ಅಸಿಟಿಲೀನ್ ತಯಾರಿಸುತ್ತಿದ್ದರು. ಆಕ್ಸಿಜನ್ ಜೊತೆ ಉರಿಸಿದರೆ ಬೆರಳುದ್ದ ದಪ್ಪದ ಕಬ್ಬಿಣವನ್ನೂ ಕೊಯ್ಯುವ ಗ್ಯಾಸು ಅದು. ಬೆಳ್ಳುಳ್ಳಿಯಂಥ ಅದರ ವಾಸನೆ ಮಹಾಂತಯ್ಯನ ಅಂಗಿಗೆ ಹತ್ತಿಕೊಂಡೇ ಮನೆಗೆ ಬರುತ್ತಿತ್ತು. ಗ್ಯಾಸು ತೆಗೆದ ಮೇಲೆ ಉಳಿದ ಬಿಳಿ ಸುಣ್ಣವನ್ನು ಕೆಲಸಗಾರರು ಮನೆಗೊಯ್ದು ಗೋಡೆಗೆ ಬಳಿಯುತ್ತಿದ್ದರು.

ಅವನ ಕೆಲಸ ತಪಾಸಣೆ. ಖಾಲಿಯಾಗಿ ಬಂದ ಕಂದುಗೆಂಪು ಸಿಲಿಂಡರುಗಳಲ್ಲಿ ಯಾವುದನ್ನು ಮತ್ತೆ ತುಂಬಬಹುದು, ಯಾವುದನ್ನು ತುಂಬಬಾರದು ಎಂದು ನೋಡಬೇಕು. ಹೊಸದಾಗಿ ಸೇರಿದವರಿಗೆಲ್ಲ ಅವನು ಒಂದೇ ಪಾಠ ಹೇಳುತ್ತಿದ್ದ.

"ಬ್ಯಾರೆ ಗ್ಯಾಸು ಉರಿಯಾಕ ಗಾಳಿ ಬೇಕು. ಇದಕ್ಕ ಗಾಳಿನೂ ಬ್ಯಾಡ. ಒತ್ತಿ ಒಂದು ಕಡೆ ಇಟ್ಟಿರಿ ಅಂದ್ರ ತನ್ನಷ್ಟಕ್ಕ ತಾನ ಸಿಡಿತೈತಿ. ಅದಕ್ಕ ಇದನ್ನ ಬರೇ ಡಬ್ಬಿಯೊಳಗ ತುಂಬಾಕ ಬರೂದಿಲ್ಲ."

ಆದ್ದರಿಂದಲೇ ಅಸಿಟಿಲೀನಿನ ಸಿಲಿಂಡರು ಒಳಗೆ ಟೊಳ್ಳಾಗಿರುವುದಿಲ್ಲ. ಸ್ಪಂಜಿನ ಹಾಗೆ ಸಣ್ಣ ಸಣ್ಣ ರಂಧ್ರಗಳಿರುವ ಗಟ್ಟಿ ವಸ್ತುವನ್ನು ಬಾಯಿತನಕ ತುಂಬಿರುತ್ತಾರೆ. ಅದಕ್ಕೆ ಅಸಿಟೋನ್ ಕುಡಿಸುತ್ತಾರೆ. ಗ್ಯಾಸು ಆ ದ್ರವದಲ್ಲಿ ಕರಗಿ, ರಂಧ್ರಗಳಲ್ಲಿ ಹಂಚಿಕೊಂಡು ತಣ್ಣಗೆ ಕೂತಿರುತ್ತದೆ. ವರ್ಷಗಟ್ಟಲೆ ಲಾರಿಯಲ್ಲಿ ಕುಲುಕಿ, ಎತ್ತಿ ಎಸೆಸಿಕೊಂಡು, ಒಳಗಿನದು ಕುಸಿದು ಮೇಲೆ ಟೊಳ್ಳಾದರೆ ಗ್ಯಾಸು ಆ ಜಾಗದಲ್ಲಿ ಬಿಡಿಯಾಗಿ ಸೇರುತ್ತದೆ. ಅಂಥ ಸಿಲಿಂಡರನ್ನು ಅವನು ತೂಕದಲ್ಲಿ ಹಿಡಿಯುತ್ತಿದ್ದ, ತಟ್ಟಿದ ಸದ್ದಿನಲ್ಲಿ ಹಿಡಿಯುತ್ತಿದ್ದ. ಸಂಶಯ ಬಂದರೆ ವಾಲ್ವು ಬಿಚ್ಚಿಸಿ ಸಣ್ಣ ಸರಿಗೆ ಇಳಿಸಿ ನೋಡುತ್ತಿದ್ದ. ಕೆಟ್ಟಿದ್ದರ ಹೊಟ್ಟೆಯ ಮೇಲೆ ಅದೇ ಕಾರ್ಬೈಡಿನ ಸುಣ್ಣದಲ್ಲಿ ದೊಡ್ಡದಾಗಿ ಅಡ್ಡಗೀಟಿನ ಕಾಟು ಹೊಡೆದು ಬೇರೆ ನಿಲ್ಲಿಸುತ್ತಿದ್ದ.

ಏಳು ವರ್ಷದ ಹಿಂದೆ ಕೇಶ್ವಾಪುರದಲ್ಲಿ ಬಾಬುಸಾಬನ ಗೇಟು-ಗ್ರಿಲ್ಲು ಮಾಡುವ ಶೆಡ್ಡಿನಲ್ಲಿ ಅಂಥದ್ದೇ ಒಂದು ಸಿಲಿಂಡರು ಒಡೆಯಿತು. ಕೊಯ್ಯುತ್ತಿದ್ದಾಗ ಬೆಂಕಿ ಪೈಪಿನೊಳಗೆ ಹಿಂದಕ್ಕೆ ಹೋಗಿತ್ತು. ಬಾಬುಸಾಬನ ತಮ್ಮ ಅಹಮದಸಾಬ ಸಿಲಿಂಡರನ್ನು ಮುಟ್ಟಿ ನೋಡಿ, ಬಿಸಿಯಾಗಿದೆ ಎಂದು ಕೂಗಿ ಅಣ್ಣನನ್ನು ಹೊರಗೆ ತಳ್ಳಿದ. ತಾನು ವಾಲ್ವು ಮುಚ್ಚಲು ತಿರುಗಿದ. ಅಲ್ಲೇ ಸತ್ತ ಅಹಮದಸಾಬನಿಗೆ ಆಗ ಮೂವತ್ತೊಂದು ವರ್ಷ. ಬಾಬುಸಾಬನ ಬಲಗೈಯ ಎರಡು ಬೆರಳು, ಒಂದು ಕಿವಿ ಹೋದವು.

ಕಾರ್ಖಾನೆಯ ರಿಜಿಸ್ಟರಿನಲ್ಲಿ ಆ ಸಿಲಿಂಡರಿನ ನಂಬರಿನ ಮುಂದೆ 'ಸರಿ ಇದೆ' ಎಂದು ಬರೆದಿತ್ತು. ಕೆಳಗೆ ಮಹಾಂತಯ್ಯನ ಸಹಿ. ಪೊಲೀಸರು ಕರೆದೊಯ್ದರು. ಹನ್ನೆರಡು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಗೆ ಬಂದ. ಕೆಲಸ ಹೋಯಿತು. ಭಾಗ್ಯಶ್ರೀಗೆ ಗೊತ್ತಾಗಿದ್ದ ಗಂಡಿನವರು ಮುಂದಿನ ತಿಂಗಳೇ ಬೇಡವೆಂದು ಹೇಳಿ ಕಳಿಸಿದರು. ಅವಳು ಈಗಲೂ ಶಾಲೆಯೊಂದರಲ್ಲಿ ಪಾಠ ಹೇಳುತ್ತ ಮನೆಯಲ್ಲೇ ಇದ್ದಳು.

*

ಹನ್ನೆರಡರ ಸುಮಾರಿಗೆ ಭಜನೆ ಒಂದು ಗಳಿಗೆ ತಡವರಿಸಿತು. ಬಾಬುಸಾಬ ಬೀದಿಯ ತುದಿಯಿಂದ ನಡೆದು ಬರುತ್ತಿದ್ದ. ಬಿಳಿ ಟೊಪ್ಪಿಗೆ, ಎಡಗೈಯಲ್ಲಿ ಒಂದು ಹೂಮಾಲೆ. ಅವನನ್ನು ಗುರುತಿಸಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕುಮಾರಸ್ವಾಮಿ ಕೈಯಲ್ಲಿದ್ದ ಊದುಬತ್ತಿ ಬಿಟ್ಟು ಬೇಗ ಬೇಗ ನಡೆದು, ಶಾಮಿಯಾನದ ಹೊರಗೇ ಅವನನ್ನು ತಡೆದ.

"ಈಗ ಬ್ಯಾಡ ಬಾಬುಸಾಬ. ಹೆಣ್ಣುಮಕ್ಕಳು ದುಃಖದಾಗ ಅದಾರ. ಏನಿದ್ರೂ ಮೂರು ದಿನ ಬಿಟ್ಟು ಮಾತಾಡೂಣು."

"ನಾ ಜಗಳಕ್ಕ ಬಂದಿಲ್ರಿ. ಮಣ್ಣಿಗೆ ಬಂದೇನಿ."

ಕುಮಾರಸ್ವಾಮಿ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ತಿರುಗಿಸಲು ನೋಡಿದ. ಬಾಬುಸಾಬ ತಿರುಗಲಿಲ್ಲ. ಕಾಳವ್ವ ಬಾಗಿಲಿನಿಂದ ಇದನ್ನು ನೋಡಿದಳು. ಶಾಪ ಹಾಕಲು ಬಂದಿದ್ದರೂ ಅದು ಅವನ ಹಕ್ಕು ಎನಿಸಿತು. ಎದ್ದು ಬಂದು, ಬಿಡು ಕುಮಾರ, ಅವರು ಬರಲಿ ಎಂದಳು.

ಬಾಬುಸಾಬ ಚಪ್ಪಲಿ ಬಿಟ್ಟು ಒಳಗೆ ಬಂದ. ಮಾಲೆಯನ್ನು ಮಹಾಂತಯ್ಯನ ಮೊಣಕಾಲ ಮೇಲೆ ಇಟ್ಟು, ಬಹಳ ಹೊತ್ತು ತಲೆ ತಗ್ಗಿಸಿ ಕೂತ. ನಂತರ ಕಾಳವ್ವನ ಕಡೆ ತಿರುಗಿ, ಎರಡು ಮಾತು ಆಡಬೇಕು, ಮಂದಿಯ ಮುಂದೆ ಬೇಡ ಎಂದ. ಅವಳು ಅವನನ್ನು ಅಡುಗೆಮನೆಗೆ ಕರೆದೊಯ್ದಳು. ಭಾಗ್ಯಶ್ರೀಯೂ ಹಿಂದೆ ಬಂದಳು. ಆ ದಿನ ಒಲೆ ಹಚ್ಚಿರಲಿಲ್ಲ.

ಜೈಲಿನಿಂದ ಬಿಟ್ಟ ವಾರಕ್ಕೇ ಮಹಾಂತಯ್ಯ ಕೇಶ್ವಾಪುರದ ತನ್ನ ಶೆಡ್ಡಿಗೆ ಬಂದಿದ್ದನೆಂದು ಬಾಬುಸಾಬ ಹೇಳಿದ. ಆ ದಿನ ಬಾಬುಸಾಬ ಅವನನ್ನು ಬೈದು ಕಳಿಸಿದ್ದ. ಅವನು ಮತ್ತೆ ಬಂದ, ಇವನು ಮತ್ತೆ ಬೈದ. ಹೀಗೇ ಎಷ್ಟೋ ಸಲ. ಕೊನೆಗೆ ಬೈಯುವುದು ಬೇಸರವಾಗಿ ಸುಮ್ಮನಾದ. ಮಹಾಂತಯ್ಯ ಶುಕ್ರವಾರಕ್ಕೊಮ್ಮೆ ಬಂದು ಸಾಬೂನು ನೀರು ಹಚ್ಚಿ ಪೈಪು ಸೋರುತ್ತಿದೆಯೇ ಎಂದು ನೋಡುತ್ತಿದ್ದ. ಯಾರೋ ಪೈಪಿಗೆ ತಾಮ್ರದ ತುಂಡು ಜೋಡಿಸಿದ್ದನ್ನು ಕಂಡು, ಈ ಗ್ಯಾಸು ತಾಮ್ರಕ್ಕೆ ತಾಗಿದರೆ ಹುಟ್ಟುವ ವಸ್ತು ಸಣ್ಣ ಏಟಿಗೂ ಸಿಡಿಯುತ್ತದೆ ಎಂದು ಬಿಚ್ಚಿ ಹಾಕಿದ್ದ. ಸಿಲಿಂಡರು ಮಲಗಿಸಿಟ್ಟಿದ್ದರೆ ಎತ್ತಿ ನಿಲ್ಲಿಸಿ ಸರಪಳಿ ಹಾಕುತ್ತಿದ್ದ. ಒಂದು ಕಪ್ಪು ಚಹಾ ಕುಡಿದು ಹೋಗುತ್ತಿದ್ದ.

ಕಾಳವ್ವನಿಗೆ ಇದಾವುದೂ ಗೊತ್ತಿರಲಿಲ್ಲ. ಶುಕ್ರವಾರ ಸಿದ್ಧಾರೂಢ ಮಠಕ್ಕೆ ಹೋಗುತ್ತೇನೆ ಎಂದು ಅವನು ಹೇಳುತ್ತಿದ್ದ.

"ಹೋದ ವರ್ಷ ಗಂಗಪ್ಪ ನನ್ನ ಕಡೆ ಬಂದಿದ್ದ್ರಿ," ಎಂದ ಬಾಬುಸಾಬ. "ಕಾರ್ಖಾನ್ಯಾಗ ಸಿಲಿಂಡರ ಏರಸ್ತಿದ್ದ ಹಮಾಲ. ಕೆಲಸ ಬಿಟ್ಟ ಮ್ಯಾಲೆ ಎದಿಯೊಳಗ ಇಟಗೊಳ್ಳಾಕ ಆಗಲಿಲ್ಲ ಅಂತ ಹೇಳಿದ. ಆ ಸಿಲಿಂಡರಿಗೆ ಮಹಾಂತಯ್ಯ ಸ್ವಾಮ್ಯಾರು ಕಾಟು ಹೊಡದು ಬ್ಯಾರೆ ಇಟ್ಟಿದ್ರಂತ. ಆ ಗುರುತು ಹಸಿ ಬಟ್ಟಿಲೆ ಒರಿಸಿ ತುಂಬಾಕ ಹಚ್ಚಿದವರು ಬ್ಯಾರೆಯವರು."

"ಯಾರು?"

ಬಾಬುಸಾಬ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. ಹೊರಗೆ ಕುಮಾರಸ್ವಾಮಿ ಯಾರಿಗೋ ಹೂವಿನ ಬುಟ್ಟಿ ಎಲ್ಲಿಡಬೇಕೆಂದು ಹೇಳುತ್ತಿದ್ದ.

"ನಿಮ್ಮ ತಮ್ಮ ರೀ, ಅಮ್ಮಾರ."

ಬಾಬುಸಾಬ ದನಿ ತಗ್ಗಿಸಿ ಮುಂದುವರಿದ. ಕೇಳಿದ ದಿನವೇ ಮಹಾಂತಯ್ಯನನ್ನು ಹಿಡಿದು ನಿಲ್ಲಿಸಿದ್ದ. ಮಹಾಂತಯ್ಯ ಅಲ್ಲಗಳೆಯಲಿಲ್ಲ. ತಾನು ಇರುವತನಕ ಬಾಯಿ ಬಿಡಬಾರದೆಂದು ಮಾತು ತೆಗೆದುಕೊಂಡ.

"ಇವತ್ತಿಗೆ ಆ ಮಾತು ಮುಗೀತ್ರಿ. ನನ್ನ ತಮ್ಮನ್ನ ಕೊಂದವರು ಅಂತ ಹೆಸರು ಹೊತಗೊಂಡು ಅವರು ಮಣ್ಣಾಗ ಹೋಗಬಾರದು ಅಂತ ಬಂದೆ. ಗಂಗಪ್ಪ ಇನ್ನೂ ಅದಾನ. ಎಲ್ಲಿ ಕರದ್ರೂ ಬಂದು ಹೇಳ್ತಾನ."

*

ಕುಮಾರಸ್ವಾಮಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದಳು. ಕಾಳವ್ವನಿಗಾಗ ಹದಿನೈದು. ಮದುವೆಯಾಗಿ ಬರುವಾಗ ಅವಳು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಗಂಡನ ಮನೆಯ ಹೊಸ್ತಿಲು ದಾಟಿದಳು. ಮಹಾಂತಯ್ಯ ಬೇಡವೆನ್ನಲಿಲ್ಲ. ಸಾಲೆ ಕಲಿಸಿದ. ಐಟಿಐ ಮುಗಿಸಿದ ಮೇಲೆ ತನ್ನ ಕಾರ್ಖಾನೆಯಲ್ಲೇ ಕೆಲಸ ಕೊಡಿಸಿದ. ಕುಮಾರಸ್ವಾಮಿ ಚುರುಕಾಗಿದ್ದ, ಗ್ಯಾಸು ತುಂಬುವ ವಿಭಾಗಕ್ಕೆ ಸೂಪರ್‌ವೈಜರ್ ಆದ.

ಸಿಲಿಂಡರು ಒಡೆದ ದಿನ ಮಧ್ಯಾಹ್ನ, ಪೊಲೀಸರು ಕಾರ್ಖಾನೆಗೆ ಬರುವ ಮೊದಲು, ಅವನು ಮಹಾಂತಯ್ಯನನ್ನು ಕಾರ್ಬೈಡ್ ಡ್ರಮ್ಮುಗಳ ಹಿಂದೆ ಕರೆದೊಯ್ದು ಕಾಲು ಹಿಡಿದ. ತನ್ನ ಹೆಂಡತಿ ಹೆತ್ತು ಇನ್ನೂ ಹನ್ನೊಂದು ದಿನ ಎಂದ. ಮ್ಯಾನೇಜರು ರಿಜಿಸ್ಟರಿನ ಹಾಳೆಯನ್ನು ಹೊಸದಾಗಿ ಬರೆಸಿ ತಂದಿದ್ದ. ನೋಡಲಿಲ್ಲ, ತಪ್ಪಾಯಿತು ಎಂದು ತಪಾಸಣೆಯವನು ಒಪ್ಪಿಕೊಂಡರೆ ದಂಡದಲ್ಲಿ ಮುಗಿಯುತ್ತದೆ, ಗೊತ್ತಿದ್ದೂ ತುಂಬಿದ್ದೆಂದಾದರೆ ತುಂಬಿದವನು ವರ್ಷಗಟ್ಟಲೆ ಒಳಗೆ ಹೋಗುತ್ತಾನೆ ಎಂದು ಮ್ಯಾನೇಜರು ಹೇಳಿದ. ಕಾರ್ಖಾನೆ ಕೈಬಿಡುವುದಿಲ್ಲ ಎಂದೂ ಹೇಳಿದ. ಕುಮಾರಸ್ವಾಮಿ, ಅಕ್ಕನಿಗೆ ಗೊತ್ತಾದರೆ ಅವಳು ಉಳಿಯುವುದಿಲ್ಲ ಎಂದ. ಆಗ ಮಹಾಂತಯ್ಯ ಪೆನ್ನು ತೆಗೆದುಕೊಂಡ.

ಕಾರ್ಖಾನೆ ಎರಡೇ ವಾರಕ್ಕೆ ಕೈಬಿಟ್ಟಿತು.

ಅವನು ಜೈಲಿನಿಂದ ಬಂದ ದಿನ ಕಾಳವ್ವ ಎದುರು ಕೂತು ಒಂದೇ ಪ್ರಶ್ನೆ ಕೇಳಿದ್ದಳು.

"ಖರೇ ಹೇಳ್ರಿ. ನೋಡದ ಸಹಿ ಮಾಡಿದ್ರಿ?"

"ಹೂಂ," ಎಂದಿದ್ದ ಮಹಾಂತಯ್ಯ.

ಅವಳು ನಂಬಿದಳು. ಗಂಡ ಎಂದೂ ಸುಳ್ಳು ಹೇಳಿದವನಲ್ಲ. ಅಹಮದಸಾಬನ ಹೆಂಡತಿಯ ಮುಖ ಕಣ್ಣ ಮುಂದೆ ಬಂದಾಗಲೆಲ್ಲ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಮಗಳ ಸಂಬಂಧ ಮುರಿದ ದಿನ ಅವನು ಎಂದಿನಂತೆ ಲಿಂಗಪೂಜೆಗೆ ಕೂತಿದ್ದ. ಕುಮಾರಸ್ವಾಮಿ ಅಲ್ಲೇ ಊಟಕ್ಕೆ ಕೂತಿದ್ದ. ಒಂದು ಜೀವ ತೆಗೆದ ಕೈಯಲ್ಲಿ ಲಿಂಗ ಹೇಗೆ ಹಿಡಿಯುತ್ತೀರಿ ಎಂದು ಅವಳು ತಮ್ಮನ ಎದುರೇ ಕೇಳಿಬಿಟ್ಟಳು. ಮಹಾಂತಯ್ಯ ಅಂಗೈಯನ್ನು ಮೆಲ್ಲಗೆ ಮುಚ್ಚಿಕೊಂಡ. ಮಾರನೆಯ ದಿನದಿಂದ ಅವನು ಅವಳು ಏಳುವ ಮೊದಲೇ ಹಿತ್ತಲ ಕಟ್ಟೆಯ ಮೇಲೆ ಕೂತು ಪೂಜೆ ಮುಗಿಸುತ್ತಿದ್ದ. ಏಳು ವರ್ಷ ಅವಳು ಅವನ ಕೈಯಲ್ಲಿ ಲಿಂಗವನ್ನು ನೋಡಿರಲಿಲ್ಲ, ಇವತ್ತು ಹಿರಿಯರು ಇಡುವತನಕ.

*

ಕಾಳವ್ವ ತಮ್ಮನನ್ನು ಹಿತ್ತಲಿಗೆ ಕರೆದಳು. ಭಾಗ್ಯಶ್ರೀ ಬಾಗಿಲಿಗೆ ಅಡ್ಡ ನಿಂತಳು.

"ಕುಮಾರ, ಆ ಸುಣ್ಣದ ಗುರುತು ನೀ ಒರಿಸಿದಿ?"

ಅವನು ಮೊದಲು ಬಾಬುಸಾಬನನ್ನು ಬೈದ. ಸತ್ತ ಮನೆಯಲ್ಲಿ ಬೆಂಕಿ ಹಚ್ಚಲು ಬಂದವನ ಮಾತು ಕೇಳುತ್ತೀಯಾ ಎಂದ. ಕಾಳವ್ವ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ದನಿ ಏರಿಸಲಿಲ್ಲ. ಅವನು ನಳದ ಕಡೆ ನೋಡಿದ.

"ಲಾರಿ ಬಂದು ನಿಂತಿತ್ತಕ್ಕ. ಸಿಲಿಂಡರ ಕಡಿಮಿ ಬಿದ್ದಿದ್ವು. ಹಂಗ ಎಷ್ಟೋ ಸಲ ತುಂಬಿದ್ವಿ, ಏನೂ ಆಗಿದ್ದಿಲ್ಲ. ನಾ ಬಲವಂತ ಮಾಡಲಿಲ್ಲ. ಅವರ ತಾವಾಗಿ ಸಹಿ ಮಾಡಿದ್ರು," ಎಂದ.

"ಮುಂಜಾನೆ ವಕೀಲರಿಗೆ ಫೋನು ಹಚ್ಚಿದ್ದು ಅಪ್ಪಾಜಿ ಸಲುವಾಗಿ ಅಲ್ಲ, ಹೌದಲ್ಲ ಮಾಮಾ?" ಎಂದಳು ಭಾಗ್ಯಶ್ರೀ.

ಕಾಳವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಜ್ವರ ಬಂದಾಗ ರಾತ್ರಿಯಿಡೀ ಮಡಿಲಲ್ಲಿ ಹಾಕಿಕೊಂಡು ಕೂತ ಮುಖ ಅದು.

"ನೀ ಹೆದರಿದ್ದಿ, ಅವತ್ತು ಸುಳ್ಳು ಹೇಳಿದಿ. ಅದನ್ನ ನಾ ಹೆಂಗರ ತಿಳಕೋತಿದ್ದೆ," ಎಂದಳು. "ಆದರ ಏಳು ವರ್ಷ ಈ ಮನ್ಯಾಗ ಕುಂತು ಉಂಡಿ. ನಾ ಅವರಿಗೆ ಅಂದದ್ದನ್ನೆಲ್ಲಾ ಕೇಳಿದಿ. ಲಿಂಗದ ಮಾತು ಅಂದಾಗನೂ ನೀ ಇದ್ದಿ. ಒಂದು ತುತ್ತೂ ಬಿಡದ ಉಂಡು ಎದ್ದಿ."

"ಅಕ್ಕಾ, ನೀ ನನ್ನ ತಾಯಿ ಇದ್ದಂಗ."

"ಹೌದು. ಅದಕ್ಕ ಅವರು ಬಾಯಿ ಬಿಡಲಿಲ್ಲ."

ಅವನು ಅವಳ ಕಾಲಿಗೆ ಬಾಗಿದ. ಅವಳು ಹಿಂದಕ್ಕೆ ಸರಿದು ಒಳಗೆ ಹೋದಳು. ಬಾಗಿಲಲ್ಲಿ ಭಾಗ್ಯಶ್ರೀ ತಾಯಿಗೆ ದಾರಿ ಬಿಟ್ಟು, ಮತ್ತೆ ಅಡ್ಡ ನಿಂತಳು.

ಭಜನೆ ನಡೆದೇ ಇತ್ತು. ಕಾಳವ್ವ ಗಂಡನ ಎದುರಿನ ಚಾಪೆಯಲ್ಲಿ ಕೂರದೆ, ಅವನ ಪಕ್ಕಕ್ಕೆ ಹೋಗಿ ಗೋಡೆಗೆ ಒರಗಿ ಕೂತಳು. ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. ಸಿಟ್ಟು ತಮ್ಮನ ಮೇಲಷ್ಟೇ ಇರಲಿಲ್ಲ. ತನ್ನ ತಮ್ಮನನ್ನು ತನಗಾಗಿ ಉಳಿಸಿಕೊಟ್ಟ ಈ ಮನುಷ್ಯ ತನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಇಬ್ಬರು ಗಂಡಸರು ಡ್ರಮ್ಮುಗಳ ಹಿಂದೆ ನಿಂತು ಅವಳ ಏಳು ವರ್ಷಗಳನ್ನು ತೀರ್ಮಾನ ಮಾಡಿ ಬಂದಿದ್ದರು. ಅವಳ ಬಾಯಿಂದ ಆಡಬಾರದ ಮಾತು ಆಡಿಸಿದ್ದರು.

"ನನಗರ ಹೇಳಬಹುದಿತ್ತಿಲ್ರಿ," ಎಂದಳು ಮೆಲ್ಲಗೆ. "ಹೂಂ ಅಂದ್ರೆಲ್ಲ, ನನಗ."

ಫಕೀರವ್ವ, ಅಳಬೇಡ ತಾಯಿ ಎಂದು ಬೆನ್ನು ಸವರಿದಳು. ಕಾಳವ್ವ ಅಳುತ್ತಿರಲಿಲ್ಲ.

*

ನಾಲ್ಕು ಗಂಟೆಗೆ ಎತ್ತುವ ಹೊತ್ತಾಯಿತು. ಕುಣಿಯಲ್ಲಿಳಿದು ದೇಹವನ್ನು ಕೂರಿಸುವವರು ಯಾರು ಎಂದು ಹಿರಿಯರು ಕೇಳಿದಾಗ ಎಲ್ಲರೂ ಕುಮಾರಸ್ವಾಮಿಯ ಕಡೆ ನೋಡಿದರು. ಕಾಳವ್ವ ಎದ್ದು ನಿಂತು, ಅವನು ಇಳಿಯುವುದು ಬೇಡ, ಮೈದುನನ ಮಗ ಶಿವಯೋಗೀಶ ಇಳಿಯಲಿ ಎಂದಳು. ಮಂದಿ ಯಾಕೆಂದು ಕೇಳಲಿಲ್ಲ. ಅವಳೇ ಹೇಳಿದಳು. ಆ ಸಿಲಿಂಡರನ್ನು ತುಂಬಿದ್ದು ತನ್ನ ತಮ್ಮ, ತನ್ನ ಗಂಡ ಅಲ್ಲ, ಅವರು ಅದಕ್ಕೆ ಕಾಟು ಹೊಡೆದು ಬೇರೆ ಇಟ್ಟಿದ್ದರು ಎಂದು ಶಾಮಿಯಾನದ ತುದಿಯವರಿಗೂ ಕೇಳುವ ಹಾಗೆ, ಒಂದೊಂದೇ ಮಾತಾಗಿ ಹೇಳಿದಳು. ಮುಂಜಾನೆ ಕಣ್ಣು ಮುಚ್ಚಿ ಮಾಡಿದ ಸಹಿಯ ಮಾತಾಡಿದವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಬುಸಾಬನಿಗೆ, ಸೋಮವಾರ ಗಂಗಪ್ಪನನ್ನು ಕರೆದುಕೊಂಡು ಕೋರ್ಟಿಗೆ ಬನ್ನಿ, ನಾನೂ ಮಗಳೂ ಅಲ್ಲಿರುತ್ತೇವೆ ಎಂದಳು.

ಭಾಗ್ಯಶ್ರೀ ಹಟ ಹಿಡಿದು ಸ್ಮಶಾನಕ್ಕೆ ಹೋದಳು. ಶಿವಯೋಗೀಶ ಕುಣಿಯಲ್ಲಿಳಿದು ದೊಡ್ಡಪ್ಪನನ್ನು ಅದರ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಿದ. ಬಿಲ್ವಪತ್ರೆ, ವಿಭೂತಿ ಗಟ್ಟಿ ಬಿದ್ದವು. ಆಮೇಲೆ ಒಬ್ಬೊಬ್ಬರೇ ಮಣ್ಣು ಕೊಟ್ಟರು. ಬಾಬುಸಾಬ ಮೂರು ಬೆರಳಿನ ಕೈಯಲ್ಲಿ ಮಣ್ಣು ಎತ್ತಿದಾಗ ಅದು ಬೆರಳಿಲ್ಲದ ಕಡೆಯಿಂದ ಸೋರಿತು. ಮತ್ತೆ ಬಾಗಿ, ಎರಡೂ ಕೈ ಜೋಡಿಸಿ ಎತ್ತಿದ. ಎಲ್ಲರೂ ಹಿಂದೆ ಸರಿದ ಮೇಲೆ ಕುಮಾರಸ್ವಾಮಿ ಕುಣಿಯ ಅಂಚಿಗೆ ಬಂದು ಬರಿಗಾಲಿನಲ್ಲಿ ನಿಂತ. ಯಾರೂ ಅವನನ್ನು ತಡೆಯಲಿಲ್ಲ, ಯಾರೂ ಅವನ ಪಕ್ಕದಲ್ಲಿ ನಿಲ್ಲಲಿಲ್ಲ.

ಮಂದಿ ತಿರುಗಿ ಬರುವಾಗ ಕಾಳವ್ವ ಹೊಸ್ತಿಲ ಹೊರಗೆ ಕೊಡ, ತಂಬಿಗೆ ಇಟ್ಟುಕೊಂಡು ನಿಂತಿದ್ದಳು. ಹೆಣ ಕೂರಿಸಿದ ಜಾಗದಲ್ಲಿ ದೀಪ ಹಚ್ಚಿತ್ತು. ಬಂದವರ ಕಾಲಿಗೆ ಅವಳು ನೀರು ಹಾಕಿದಳು. ಕಾಲು ತೊಳೆದುಕೊಂಡವರು ಒಳಗೆ ಹೋಗಿ, ದೀಪ ನೋಡಿ, ಮಾತಿಲ್ಲದೆ ಮನೆಗೆ ಹೊರಟರು. ಬಾಬುಸಾಬ ಬೀದಿಯಲ್ಲೇ ನಿಂತಿದ್ದ. ಬರ್ರಿ ಅಣ್ಣಾ ಎಂದು ಕರೆದು, ಅವನ ಕಾಲಿಗೆ ಎರಡು ತಂಬಿಗೆ ನೀರು ಹಾಕಿದಳು.

ಕೊನೆಗೆ ಕುಮಾರಸ್ವಾಮಿ ಬಂದ. ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಾಲು ಮುಂದೆ ಚಾಚಿದ. ಕೊಡದಲ್ಲಿ ಇನ್ನೂ ಅರ್ಧ ನೀರಿತ್ತು. ಕಾಳವ್ವ ತಂಬಿಗೆಯನ್ನು ಕೊಡದ ಬಾಯಿಯ ಮೇಲೆ ಬೋರಲು ಇಟ್ಟು, ಒಳಗೆ ಹೋಗಿ, ಅವನಿಗೆ ಬೆನ್ನು ಮಾಡಿ ದೀಪದ ಎದುರು ಕೂತಳು. ಬಾಗಿಲು ತೆರೆದೇ ಇತ್ತು. ಅವನು ಚಾಚಿದ ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳದೆ ನಿಂತಿದ್ದ. ಬೆರಳುಗಳ ಸಂದಿಯಲ್ಲಿ ಸಿಕ್ಕಿದ್ದ ಕುಣಿಯ ಹಸಿ ಮಣ್ಣು ಇಳಿಬಿಸಿಲಿಗೆ ಒಣಗಿ, ಬಿರುಕು ಬಿಡುತ್ತಿತ್ತು.